ಜಗಲಿಯ ಯಜಮಾನರು

ಜಗಲಿಯಲ್ಲಿ ಆರಾಮಕುರ್ಚಿ ಹಾಕಿ ಕೂತ ಗಂಡಸನ್ನು ಕಂಡರೆ ಆತನೇ ಮನೆಯ ಯಜಮಾನನೆಂದು ನಂಬಿಬಿಡುವ ಅಭ್ಯಾಸ ನನ್ನದು. ನಾನೂ ಹಾಗೆಯೇ ಕೂರುವವನಾದ್ದರಿಂದ ಇರಬಹುದು. ಪಾಣೆಮಂಗಳೂರಿಗೆ ಮಾಷ್ಟ್ರನಾಗಿ ಬಂದ ಮೇಲೆ ಮೇಲಿನವರು ನನ್ನನ್ನು ಒಂದು ವರ್ಷದ ಟ್ರೈನಿಂಗಿಗೆ ಹಾಕಿದರು. ಅದು ಮುಗಿಯುವ ತನಕ ಅರ್ಧ ಸಂಬಳ. ಹೆಂಡತಿ ಶಾರದೆ ಅದೇ ಸಮಯ ನೋಡಿ ಅವಳಿ ಹೆತ್ತಳು. ಬಾಣಂತನ ಮುಗಿಸಿ ಮೂಡಬಿದಿರೆಯ ತವರಿನಿಂದ ಬರುವಾಗ ಅವಳ ಜೊತೆ ಮಕ್ಕಳು, ಮಕ್ಕಳ ಜೊತೆ ಅತ್ತೆ, ಅತ್ತೆಯ ಜೊತೆ ಒಂದು ಹೊಲಿಗೆ ಮೆಷಿನ್. ನಮ್ಮದೋ ಒಂದೇ ಕೋಣೆಯ ಬಾಡಿಗೆ ಮನೆ. ಮೆಷಿನನ್ನು ಮಾರಿಬಿಡುವ ಎಂದೆ. ಅತ್ತೆ ನೋಡಿದ ರೀತಿಯಲ್ಲಿ, ಮಾರುವುದಾದರೆ ಮೊದಲು ಅಳಿಯನನ್ನೇ ಮಾರುವುದು ಲೇಸೆಂಬ ಅಭಿಪ್ರಾಯ ಕಂಡಿತು.

ಮೇಲಿನ ಬೀದಿಯಲ್ಲಿ ದೂಮಣ್ಣ ಶೆಟ್ಟರ ಮನೆಯ ಎದುರು, ಅವರದ್ದೇ ಎಂದು ನಾನು ತಿಳಿದಿದ್ದ ಮೂರು ಕೋಣೆಯ ಮನೆ ಖಾಲಿ ಇತ್ತು. ಹೋದೆ. ಶೆಟ್ಟರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಮೊದಲು ಯಕ್ಷಗಾನದ ಆಟದ ಸುದ್ದಿ, ಭಾಗವತರ ಗಂಟಲಿನ ಸುದ್ದಿ ಎಲ್ಲ ಮಾತಾಡಿ, ಆಮೇಲೆ ನನ್ನ ಅರ್ಧ ಸಂಬಳದ ಕಷ್ಟ ತೋಡಿಕೊಂಡೆ. "ಅದಕ್ಕೇನು ಮಾಷ್ಟ್ರೇ, ಟ್ರೈನಿಂಗ್ ಮುಗಿಯುವವರೆಗೆ ಅರ್ಧ ಬಾಡಿಗೆ ಕೊಡಿ. ಮತ್ತೆ ನೋಡುವ," ಎಂದರು. ನಾನು ಮನೆಗೆ ಬಂದು, ಗಂಡಸರ ಹತ್ತಿರ ಗಂಡಸರು ಹೇಗೆ ಮಾತಾಡಬೇಕೆಂದು ಶಾರದೆಗೆ ಬಹಳ ಹೊತ್ತು ವಿವರಿಸಿದೆ. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಾ "ಹೌದಾ" ಎಂದಳು.

ಹಳೆಯ ಮನೆಗೆ ಬೇರೆಯವರು ಬಂದೂ ಆಯಿತು. ಎತ್ತಿನ ಗಾಡಿಯಲ್ಲಿ ಸಾಮಾನು ತುಂಬಿಸಿ ಹೊಸ ಮನೆಯ ಮುಂದೆ ನಿಂತರೆ ಬಾಗಿಲಿಗೆ ಬೀಗ, ಮೆಟ್ಟಲಲ್ಲಿ ಅಪರಿಚಿತರೊಬ್ಬರು. ಶೆಟ್ಟರ ಹೆಂಡತಿ ಕಮಲಕ್ಕನ ಅಣ್ಣ ಮಂಜಣ್ಣ, ಬೆಳ್ತಂಗಡಿಯಿಂದ ಬಂದವರು. ವಿಷಯ ಹೇಳಿದೆ. "ಯಾರು, ಭಾವ ಹೇಳಿದ್ದಾ?" ಎಂದು ಅವರು ನಕ್ಕರು. "ಭಾವನಿಗೆ ಇಲ್ಲಿ ಏನುಂಟು ಮಾರಾಯ್ರೆ? ಮನೆ ತಂಗಿಯದ್ದು. ನೋಡಿಕೊಳ್ಳುವವ ನಾನು."

ಶೆಟ್ಟರದು ಅಳಿಯಕಟ್ಟು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಇದನ್ನು ವರ್ಷವೂ ಏಳನೆಯ ತರಗತಿಗೆ ಪಾಠ ಮಾಡುವವನು ನಾನೇ. ತಪ್ಪು ಬರೆದವರಿಗೆ ಬೆತ್ತವನ್ನೂ ತೋರಿಸಿದ್ದೇನೆ. ಈಗ ಎರಡು ಮಕ್ಕಳು, ಅತ್ತೆ, ಮೆಷಿನ್ ಸಮೇತ ಬೀದಿಯಲ್ಲಿ ನಿಂತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಎದುರು ಜಗಲಿಯ ಶೆಟ್ಟರನ್ನು ನೋಡಿದೆ. "ನೀವು ಅಷ್ಟು ಕಷ್ಟ ಹೇಳಿದಿರಿ," ಎಂದರು ಅವರು ಸಂಕೋಚದಿಂದ. "ಇಲ್ಲ ಎನ್ನಲಿಕ್ಕೂ ಅಧಿಕಾರ ಬೇಕಲ್ಲ ಮಾಷ್ಟ್ರೇ?"

ಅಷ್ಟರಲ್ಲಿ ಕಮಲಕ್ಕ ಸೊಂಟದಿಂದ ಬೀಗದ ಕೈ ತೆಗೆಯುತ್ತಾ ಬಂದರು. "ಅಣ್ಣಾ, ಅವರನ್ನು ಒಳಗೆ ಬಿಡು. ನಾನೂ ಶಾರದಕ್ಕನೂ ಆಗಲೇ ಮಾತಾಡಿ ಆಗಿದೆ. ಅರ್ಧ ಬಾಡಿಗೆ, ಉಳಿದ ಅರ್ಧಕ್ಕೆ ನಮ್ಮ ಮನೆಯ ರವಿಕೆಗಳನ್ನೆಲ್ಲ ಅವರು ಹೊಲಿದು ಕೊಡುವುದು." ನಾನು ಶಾರದೆಯನ್ನು ನೋಡಿದೆ. "ನೀವು ಅಷ್ಟು ಖುಷಿಯಲ್ಲಿ ಹೇಳುತ್ತಿದ್ದಿರಿ. ಮಧ್ಯ ಬಾಯಿ ಹಾಕುವುದು ಯಾಕೆ ಅಂತ," ಎಂದಳು. ಗಾಡಿಯಿಂದ ಮೊದಲು ಇಳಿದದ್ದು ಮೆಷಿನ್. ಅತ್ತೆಯ ಅಪ್ಪಣೆಯಂತೆ ಅದನ್ನು ಹೊತ್ತವನು ನಾನು.

ಟ್ರೈನಿಂಗ್ ಮುಗಿಯಿತು, ಸಂಬಳ ಪೂರ್ತಿಯಾಯಿತು, ಬಾಡಿಗೆಯೂ ಪೂರ್ತಿಯಾಯಿತು. ನಾನು ಜಗಲಿಗೆ ಒಂದು ಆರಾಮಕುರ್ಚಿ ತಂದೆ. ಸಂಜೆ ಶೆಟ್ಟರೂ ಬಂದು ಕೂರುತ್ತಾರೆ. ಮೊನ್ನೆ, ಊರಿಗೆ ಹೊಸತಾಗಿ ಬಂದ ಪೋಸ್ಟ್ ಮಾಸ್ಟರರು ಮೆಟ್ಟಲು ಹತ್ತಿ, ಭಾಗವತರ ಗಂಟಲಿನ ಬಗ್ಗೆ ಸ್ವಲ್ಪ ಮಾತಾಡಿ, ಸಂಸಾರ ಬರುವವರೆಗೆ ನಮ್ಮ ಮನೆಯ ಬದಿಯ ಕೋಣೆ ಸಿಕ್ಕೀತೇ ಎಂದು ಬಹಳ ವಿನಯದಿಂದ ಕೇಳಿದರು.

"ಅದಕ್ಕೇನು, ಧಾರಾಳವಾಗಿ ಬನ್ನಿ," ಎಂದೆ ನಾನು.

ಒಳಗೆ ಹೊಲಿಗೆ ಮೆಷಿನಿನ ಸದ್ದು ಗಕ್ಕನೆ ನಿಂತಿತು. ದೂಮಣ್ಣ ಶೆಟ್ಟರು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.