ಹಡಗು ಮುಳುಗಿದರೂ ಲಾಭವೇ

ಬೈತಖೋಲ ಬಂದರಿನಲ್ಲಿ, ಎರಡು ತಿಂಗಳ ಮಳೆಗೆ ಪಾಚಿಗಟ್ಟಿದ ಮೆಟ್ಟಿಲುಗಳನ್ನು ನಾನು ಇಸ್ತ್ರಿ ಮಾಡಿದ ಬಿಳಿ ಪಂಚೆಯ ಸಮೇತ ಕೂತುಕೊಂಡೇ ಇಳಿದೆ. ಕೆಳಗೆ ಹೆಂಡತಿಯ ತವರಿನವರೆಲ್ಲ ನಿಂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಪಾಚಿಯನ್ನು ಬೈಯುತ್ತಿದ್ದರು. ನಾನು ಎದ್ದು, “ಬಿದ್ದದ್ದು ದೇಹ. ನನಗೇನೂ ಆಗಿಲ್ಲ” ಎಂದೆ.

“ಪಂಚೆ ತೊಳ್ಯೂದು ಮಾತ್ರ ನಾನು” ಎಂದಳು ಹೆಂಡತಿ ಸುಗಂಧಾ.

ಇದಕ್ಕೆಲ್ಲ ಕಾರಣ, ಅಂಕೋಲೆಯ ನಮ್ಮ ಕಚೇರಿಯ ಕಪಾಟಿನಲ್ಲಿ ಸಿಕ್ಕ, ರಟ್ಟು ಹಾರಿಹೋದ ಒಂದು ಪುಸ್ತಕ. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಸಿನ ಸ್ಟೋಯಿಕ್ ಎಂಬ ಜ್ಞಾನಿಗಳ ಜೀವನಮಾರ್ಗ ಅದರಲ್ಲಿತ್ತು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಬೇಕು; ಇಲ್ಲದ್ದಕ್ಕೆ ಅಳಬಾರದು. ಜೊತೆಗೆ, ಇಂದು ಏನೇನು ಕೆಡಬಹುದೆಂದು ದಿನವೂ ಬೆಳಿಗ್ಗೆ ನೆನೆಯಬೇಕು. (ಮನಸ್ಸಿನಲ್ಲಿ ಎಂದಿತ್ತು. ಬಾಯಿಬಿಟ್ಟು ನೆನೆದದ್ದು ನನ್ನ ಸ್ವಂತ ಸಂಶೋಧನೆ.) “ಇವತ್ತು ನೀನು ತೀರಿಹೋಗಬಹುದು” ಎಂದು ಸುಗಂಧಾಳಿಗೆ ಹೇಳಿದ ದಿನದಿಂದ ನನಗೆ ಬೆಳಗಿನ ಚಹಾ ಬಂದಿಲ್ಲ. ಚಹಾವನ್ನು ಕೈಯಲ್ಲಿಲ್ಲದ್ದರ ಪಟ್ಟಿಗೆ ಸೇರಿಸಿದೆ.

ಅಂದು 2006ರ ನೂಲುಹುಣ್ಣಿಮೆ. ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಮಳೆಗಾಲದ ನಂತರದ ಮೊದಲ ದೋಣಿ ಹೊರಡುವುದು. ಆಕಾಶ ಮುಖ ಊದಿಸಿಕೊಂಡಿತ್ತು. ಒಣಮೀನಿನ ಡಬ್ಬಿಯೂ ತಳ ಕಂಡಿದ್ದರಿಂದ ಮನೆಯವರ ಮುಖವೂ ಹಾಗೆಯೇ ಇತ್ತು.

“ಭಾವ, ಕಲ್ತವ್ರು ನೀವು. ಎರಡು ಒಳ್ಳೆ ಮಾತು ಹೇಳಿ” ಎಂದ ದೋಣಿಯ ಯಜಮಾನ, ನನ್ನ ಭಾವಮೈದುನ ಹೊನ್ನ.

ನಾನು ಗಂಟಲು ಸರಿಪಡಿಸಿಕೊಂಡೆ. “ಸ್ಟೋಯಿಕ್ ತತ್ವದ ಮೂಲಪುರುಷ ಒಬ್ಬ ವ್ಯಾಪಾರಿ. ಸರಕು ತುಂಬಿದ ಅವನ ಹಡಗು ಸಮುದ್ರದಲ್ಲಿ ಮುಳುಗಿತು...”

ದೋಣಿ ಹೊರಡುವಾಗ “ಎಲ್ಲಿಗೆ?” ಎಂದು ಕೇಳಿದರೂ ಅಪಶಕುನವೆನ್ನುವ ಜನ ಇವರು. ದೋಣಿ ನಡೆಸುವ ತಾಂಡೇಲ ರಾಮನಾಥ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದ. ನಾನು ಬಿಡಲಿಲ್ಲ. “ಹಡಗು ಮುಳುಗಿದ್ದರಿಂದಲೇ ಅವನಿಗೆ ಜ್ಞಾನದ ದಾರಿ ಸಿಕ್ಕಿತು. ಆದ್ದರಿಂದ ಈ ದೋಣಿ ಮುಳುಗಿದರೂ ಲಾಭವೇ!”

ದೋಣಿಯಲ್ಲಿ ಉಳಿದಿದ್ದ ನಾಲ್ವರೂ ಇಳಿದರು. ಆಮೇಲೆ ಬಲೆ ಇಳಿಯಿತು. ಕೊನೆಗೆ ಡೀಸೆಲ್ ಕ್ಯಾನೂ ಇಳಿಯಿತು.

“ಹೋಯ್, ನಿಮ್ಮ ನಾಲ್ಗಿನಾದ್ರೂ ನಿಮ್ಮ ಕೈಲಿ ಅದ್ಯಾ?” ಎಂದಳು ಸುಗಂಧಾ. (ಪುಸ್ತಕದಲ್ಲಿ ನೋಡಬೇಕು.)

ಬೇರೆಯವರ ದೋಣಿಗಳು ಹೋದವು, ಸಂಜೆ ಬಂಗಡೆ ತುಂಬಿಕೊಂಡು ಬಂದವು. ಮರುದಿನವೂ ಹಾಗೆಯೇ. ಹೊನ್ನ ಮಾತ್ರ ಮಳೆಗಾಲದಲ್ಲೇ ನೇಯ್ದು ಮುಗಿಸಿದ್ದ ಬಲೆಯನ್ನು ಮತ್ತೆ ಹರವಿಕೊಂಡು ಕೂತ. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. “ಆ ಎರಡು ಪಟ್ಟಿ ಎಂತದು, ಇನ್ನೊಂದ್ಸಲ ಹೇಳಿ ಭಾವ” ಎಂದು ಕೇಳಿ, ಶ್ರದ್ಧೆಯಿಂದ ತಿಳಿದುಕೊಂಡ.

ಮೂರನೆಯ ದಿನವೂ ಹೊನ್ನನ ಮನೆಯಲ್ಲಿ ಬೇಳೆಸಾರು ಬಡಿಸಿದಾಗ ನನ್ನ ತತ್ವ ಅದರಲ್ಲೇ ಮುಳುಗಿತು. ತಟ್ಟೆ ಬಿಟ್ಟು ಎದ್ದೆ.

“ತಪ್ಪಾತು ಹೊನ್ನಾ. ನಿನ್ನ ಕಾಲಿಗೆ ಬೇಕಾದ್ರೆ ಬೀಳ್ತೆ. ದೋಣಿ ಯಾವಾಗ ಬಿಡ್ತೆ ಮಾರಾಯಾ?”

ಹೊನ್ನ ಬಲೆಯಿಂದ ಕಣ್ಣೆತ್ತಲಿಲ್ಲ.

“ಗಾಳಿ ನನ್ನ ಕೈಲಿಲ್ಲ ಭಾವ. ಮೀನೂ ಇಲ್ಲ. ನಿಮ್ಮನ್ನ ಅಂಕೋಲಾ ಬಸ್ಸಿಗೆ ಹತ್ಸೂದು ಒಂದು ಅದೆ.”