ನಾಲ್ಕು ಬೆರಳು ಕೆಳಗೆ

ಕಸ್ತೂರಬಾಯಿಯವರಿಗೆ ಗಾಡಿ ಹತ್ತಲಾಗಲಿಲ್ಲ. ದಿಗಂಬರನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ದಿಗಂಬರ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತ. ಗುಮಾಸ್ತನಿಗೆ ವಿಲಾಯತಿ ಸ್ಪೋರ್ಟ್ಸ್ ಕಾರು ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ಗಿರಣಿಯ ಕೊನೆಯ ಇಂಗ್ಲಿಷ್ ಸಾಹೇಬ ಊರು ಬಿಡುವಾಗ ತನ್ನ ಕೆಂಪು ಎಂ.ಜಿ. ಗಾಡಿಯನ್ನು ದಿಗಂಬರನ ತಂದೆಗೆ ಕೊಟ್ಟು ಹೋಗಿದ್ದ. ಅದಕ್ಕೆ ಇದ್ದದ್ದು ಎರಡೇ ಸೀಟು. ತಂದೆ ನಮ್ಮ ರಸ್ತೆಗಳ ಕಲ್ಲಿಗೆ ಹೆದರಿ, ಲಾರಿ ರಿಪೇರಿಯವನ ಕೈಯಲ್ಲಿ ಹಿಂದಿನ ಸ್ಪ್ರಿಂಗಿಗೆ ಪಾಟಾ ಎನ್ನುವ ಉಕ್ಕಿನ ಪಟ್ಟಿ ಎರಡು ಹೆಚ್ಚಿಗೆ ಹಾಕಿಸಿ, ಮುಂದಿನ ಸ್ಪ್ರಿಂಗಿನ ಕೆಳಗೆ ಕಬ್ಬಿಣದ ಬಿಲ್ಲೆ ಇಡಿಸಿ, ಅದನ್ನು ಎತ್ತರಿಸಿದ್ದರು. ನೆಲಕ್ಕಂಟಿ ಓಡಬೇಕಾದ ಗಾಡಿ ಕೆಸರು ದಾಟುವ ಹೆಂಗಸು ಸೀರೆ ಎತ್ತಿ ಹಿಡಿದಂತೆ ನಿಂತಿರುತ್ತಿತ್ತು.

ಅಕ್ಕಲಕೋಟೆಯ ಪಂಢರಿನಾಥರಾಯರು ತಮ್ಮ ಮಗಳು ಕುಮುದಿನಿಗೆ ಈ ಗುಮಾಸ್ತನನ್ನು ನೋಡಲು ಒಪ್ಪಿದ್ದೂ ಆ ಗಾಡಿಯ ಸಲುವಾಗಿಯೇ. ಆ ಮನೆಯಲ್ಲಿ ಕೊನೆಯ ಮಾತು ರಾಯರ ತಾಯಿ ಕಸ್ತೂರಬಾಯಿಯವರದು. ಆಕೆಗೆ ಮೊಣಕಾಲು ನೋವು, ಆದರೂ ಗುರುವಾರ ತಪ್ಪದೆ ಸ್ವಾಮಿಗಳ ಮಠಕ್ಕೆ ಹೋಗಬೇಕು. ಹೆಣ್ಣು ನೋಡುವ ದಿನ ಆಕೆ ಗಾಡಿ ಹತ್ತಲು ಹೋಗಿ, ಕಾಲೆತ್ತಿ, ಆಗದೆ, ಓಣಿಯ ಮಂದಿಯೆದುರು ನಾಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಮುಂದಿನ ಗುರುವಾರ ಈ ಗಾಡ್ಯಾಗ ನಾ ಕೂತು ಮಠಕ್ಕ ಹೋದ್ರ ಲಗ್ನ. ಇಲ್ಲಂದ್ರ ಇಲ್ಲ" ಎಂದು ಒಳಗಿನಿಂದಲೇ ತೀರ್ಪು ಬಂತು.

ಹೊರಡುವಾಗ ಕುಮುದಿನಿ ಕಿಟಕಿಯಲ್ಲಿ ನಿಂತು, ಯಾರಿಗೂ ಕಾಣದಂತೆ ಅಂಗೈ ಕೆಳಮಾಡಿ 'ಇಳಿಸಿ, ಇಳಿಸಿ' ಎಂದು ಸನ್ನೆ ಮಾಡಿದ್ದಳು. ಆ ಹುಡುಗಿ ದಿಗಂಬರನಿಗೆ ಎಷ್ಟು ಹಿಡಿಸಿದ್ದಳೆಂದರೆ ವಾರವಿಡೀ ಅವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಗುರುವಾರ ಬೆಳಿಗ್ಗೆ ಗಾಡಿಯನ್ನು ಅಮೋಗಸಿದ್ಧನ ಗ್ಯಾರೇಜಿನಲ್ಲಿ ನಿಲ್ಲಿಸಿ, "ನಾಕು ಬೆರಳು ಇಳಸಪಾ, ಸಾಕು" ಎಂದು ಹೇಳಿ ದಿಗಂಬರ ಕ್ಷೌರಕ್ಕೆ ಹೋದ. ಅಲ್ಲಿ ಟೇಪು-ಗೀಪು ಹಿಡಿಯುವ ಪದ್ಧತಿಯಿಲ್ಲ, ಅಳತೆಯೆಲ್ಲ ಬೆರಳು, ಗೇಣು, ಮೊಳದಲ್ಲೇ. ಅವನು ಗಡ್ಡ ನುಣ್ಣಗೆ ಮಾಡಿಸಿಕೊಂಡು ಬರುವಷ್ಟರಲ್ಲಿ ಗಾಡಿ ನೆಲದ ಮೇಲೆ ಮಲಗಿತ್ತು.

"ಇದೇನು ಮಾಡಿದ್ಯೋ?"

"ನೀವು ಹೇಳಿದ್ದ ಮಾಡೀನ್ರಿ. ನಾಕು ಬೆರಳು" ಎಂದು ಅಮೋಗಸಿದ್ಧ ಕೈ ಚಾಚಿದ. ಹುಲಜಂತಿಯ ಕಡೆಯ ಹಳೆಯ ಕುಸ್ತಿ ಪೈಲ್ವಾನ ಅವನು. ಅವನ ನಾಲ್ಕು ಬೆರಳಿನೊಳಗೆ ದಿಗಂಬರನ ಎರಡೂ ಕೈ ಅಡಗುತ್ತಿದ್ದವು. "ನಿಮ್ಮಪ್ಪ ಹಾಕಿಸಿದ್ದು ಎಲ್ಲಾ ತಗದೆ. ಸಾಲಲಿಲ್ಲ. ಸಾಹೇಬಂದೂ ಒಂದು ಪಾಟಾ ತಗದೆ. ನಿಮ್ಮ ಬೆರಳು ಅಂತ ಮೊದಲ ಹೇಳಬೇಕಿತ್ತು."

ಮತ್ತೆ ಬಿಚ್ಚಿ ಕಟ್ಟುತ್ತ ಕೂತರೆ ಮಠದ ಆರತಿ ತಪ್ಪುತ್ತದೆ, ಆರತಿ ತಪ್ಪಿದರೆ ಕುಮುದಿನಿಯೂ ತಪ್ಪುತ್ತಾಳೆ. ದಿಗಂಬರ ಹಣೆ ಒರೆಸಿಕೊಂಡು, ತೆಗೆದ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿಸಿ, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಅಮೋಗಸಿದ್ಧನನ್ನೂ ಪಕ್ಕದಲ್ಲಿ ಕೂರಿಸಿಕೊಂಡ.

ಹೋಟಗಿಯ ರೈಲ್ವೆ ಗೇಟಿನಲ್ಲಿ ಆಗಬೇಕಾದದ್ದು ಆಯಿತು. ಗಾಡಿಯ ಹೊಟ್ಟೆ ಹಳಿಯ ಮೇಲೆ ಕೂತಿತು. ಮುಂದೆ ಹೋಗದು, ಹಿಂದೆ ಬಾರದು.

"ಮದ್ರಾಸ್ ಮೇಲ್ ಬರೂ ಹೊತ್ತಾತು" ಎಂದ ಗೇಟಿನವನು, ಬೀಡಿ ಹಚ್ಚುತ್ತ.

ದಿಗಂಬರ ಹಾರಿ ಇಳಿದು ಹಿಂದಿನಿಂದ ನೂಕತೊಡಗಿದ. ಕಾಯುತ್ತಿದ್ದ ಬಸ್ಸಿನಿಂದ ಮಂದಿ ಇಳಿದು ಬಂದರು. ಬಂದವರಲ್ಲಿ ಸಲಹೆ ಇಲ್ಲದವರು ಒಬ್ಬರೂ ಇರಲಿಲ್ಲ. ಹಳಿಗೆ ಎಣ್ಣೆ ಸುರಿಯಿರಿ ಎಂದರು, ಗಾಲಿಯ ಗಾಳಿ ಬಿಡಿರಿ ಎಂದರು. ಕುರಿ ಕಾಯುವ ಮುದುಕನೊಬ್ಬ, ಇಂಥದ್ದನ್ನು ಕೊಂಡದ್ದೇ ತಪ್ಪು ಎಂದ. ಹತ್ತಾರು ಜನ ಕೈ ಹಚ್ಚಿದರೂ ಗಾಡಿ ಮಿಸುಕಲಿಲ್ಲ. ಒಳಗೆ ಕೂತ ಅಮೋಗಸಿದ್ಧ "ಹೂಂ, ಇನ್ನೂ ಜೋರ್ ಹಚ್ರಿ" ಎಂದು ಹುರುಪು ತುಂಬುತ್ತಿದ್ದ.

"ಅಹೋ ಪೈಲ್ವಾನ, ನೀವೊಂದಿಷ್ಟು ಇಳೀರಲ್ಲ" ಎಂದ ಗೇಟಿನವನು.

ಅಮೋಗಸಿದ್ಧ ಇಳಿದ. ಗಾಡಿ ತಾನಾಗಿ ಮೇಲೆದ್ದಿತು. ಒಂದು ನೂಕಿಗೆ ಅದು ಆಚೆ ಸೇರಿತು, ಹಿಂದೆಯೇ ಮೇಲ್ ಗಾಡಿ ಹೋಯಿತು.

ಅಕ್ಕಲಕೋಟೆಯಲ್ಲಿ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಕಸ್ತೂರಬಾಯಿಯವರು ಬಾಗಿಲು ತೆಗೆದು ಸೀಟಿಗೆ ಬೆನ್ನು ಕೊಟ್ಟು ಸುಮ್ಮನೆ ಕೂತರು. "ಅಗದಿ ಊಟದ ಮಣಿ ಮ್ಯಾಲ ಕೂತಂಗ ಆತು" ಎಂದರು. ಪಂಢರಿನಾಥರಾಯರು ಮಗಳನ್ನು ನೋಡಿ ನಕ್ಕರು. ಅಮೋಗಸಿದ್ಧ ಊಟಕ್ಕೆ ಕಟ್ಟೆಯ ಮೇಲೆ ಕೂತ. ದಿಗಂಬರ ಅರ್ಧ ಅಳಿಯನಾಗಿ ಗಾಡಿ ಬಿಟ್ಟ.

ಮಠ ಬಂತು. ದಿಗಂಬರ ಇಳಿದು ಬಂದು ಬಾಗಿಲು ತೆಗೆದ. ಅಜ್ಜಿ ಕದಲಲಿಲ್ಲ.

"ತಮ್ಮಾ, ಮುಂದ ನಡಿ."

"ಮಠ ಬಂತಲ್ರಿ."

"ನನಗೇನು ಕಣ್ಣಿಲ್ಲೇನು? ಏಳಾಕ ಬರವಲ್ದು." ಅಜ್ಜಿ ದನಿ ತಗ್ಗಿಸಿದರು. "ಹ್ವಾದ ವಾರ ಹತ್ತಾಕ ಬರಲಿಲ್ಲಂತ ಓಣಿ ಎಲ್ಲಾ ನಕ್ಕಾರ. ಈಗ ಇಳಿಯಾಕ ಬರವಲ್ದು ಅಂದ್ರ ನಾ ಮಾರಿ ತೋರಸೂದು ಹೆಂಗ? ಯಾರ ಮುಂದರೆ ಬಾಯಿ ಬಿಟ್ಟಿ ಅಂದ್ರ ಲಗ್ನ ಇಲ್ಲ. ಸ್ವಾಮಿ ಆಣಿ ಮಾಡು."

ದಿಗಂಬರ ಮಠದ ಕಡೆ ತಿರುಗಿ ಆಣೆ ಮಾಡಿದ. ಅಜ್ಜಿ ಕೂತಲ್ಲಿಂದಲೇ ಕೈಮುಗಿದರು. ಆಮೇಲೆ ಅವನು ಊರು ಸುತ್ತತೊಡಗಿದ. ಬಜಾರು, ಕೆರೆ, ಬಸ್ ಸ್ಟ್ಯಾಂಡು, ಮತ್ತೆ ಬಜಾರು. ಪೆಟ್ರೋಲಿನ ಬೆಲೆಗೆ ಬೆಂಕಿ ಬಿದ್ದ ಕಾಲ ಅದು. ಪೆಟ್ರೋಲ್ ತೋರಿಸುವ ಮುಳ್ಳು ಇಳಿದಂತೆ ಅವನ ಜೀವವೂ ಇಳಿಯುತ್ತಿತ್ತು. ಕೊನೆಗೆ ಮನೆಯ ಮುಂದೆ ಬಂದು ನಿಲ್ಲದೆ ಗತಿಯಿರಲಿಲ್ಲ.

ರಾಯರು ಪೇಢೆಯ ತಟ್ಟೆ ಹಿಡಿದು ನಿಂತಿದ್ದರು. ಓಣಿಯೂ ನಿಂತಿತ್ತು.

"ಇಳಿ ಅವ್ವಾ."

"ಇರಲಿ ತಡಿ, ಗಾಳಿ ಛಲೋ ಬಿಡಾಕತ್ತದ."

ದಿಗಂಬರನಿಗೆ ಒಂದೇ ಉಪಾಯ ಹೊಳೆಯಿತು. "ಅಮೋಗಸಿದ್ಧ, ತಗದದ್ದೆಲ್ಲಾ ಹಾಕು. ಗಾಡಿ ಎತ್ತರ ಮಾಡು."

"ಮುಂಜಾನಿ ಇಳಸು ಅಂದ್ರಿ."

"ಈಗ ಎತ್ತು ಅನ್ನಾಕತ್ತೀನಿ."

"ಯಾಕ್ರಿ?" ಎಂದರು ರಾಯರು.

ದಿಗಂಬರ ಬಾಯಿ ತೆರೆದ. ಅಜ್ಜಿ ಅವನನ್ನೇ ನೋಡುತ್ತಿದ್ದರು. "ಹಂಗ... ಮನಸಿಗೆ ಬಂತ್ರಿ" ಎಂದ.

"ಹುಡುಗಗ ತಲಿ ತಿರಗಿದಂಗ ಕಾಣ್ತದ" ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಎತ್ತಲಿ ಬಿಡು. ನಾ ಇಲ್ಲೇ ಕೂತಿರ್ತೀನಿ, ನನಗೇನು."

ಜ್ಯಾಕು ತಿರುಗಿತು. ಕಸ್ತೂರಬಾಯಿಯವರು ಓಣಿಯ ನಡುವೆ ಮೆಲ್ಲಮೆಲ್ಲನೆ ಮೇಲೇರಿದರು. ಇಬ್ಬರು ಹೆಂಗಸರು ಯಾವುದಕ್ಕೂ ಇರಲಿ ಎಂದು ಕೈಮುಗಿದರು. ಅಮೋಗಸಿದ್ಧ ಒಂದೊಂದೇ ಪಾಟಾ ಸೇರಿಸಿ ಬಿಗಿದು, ಗಾಡಿಯನ್ನು ಮೊದಲಿನ ಎತ್ತರಕ್ಕೆ ತಂದು ನಿಲ್ಲಿಸಿದ. ಅಜ್ಜಿ ಕಾಲು ಹೊರಗಿಟ್ಟು, ಹಗುರಾಗಿ ಜಾರಿ, ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡರು. ದಿಗಂಬರನಿಗೆ ಹೋದ ಜೀವ ಬಂದಂತಾಯಿತು.

ಆದರೆ ರಾಯರ ಕೈಯಲ್ಲಿದ್ದ ತಟ್ಟೆ ಹಿಂದಕ್ಕೆ ಸರಿದಿತ್ತು. "ಮುಂಜಾನಿ ಇಳಸ್ತೀರಿ, ಮಧ್ಯಾಹ್ನ ಎತ್ತಸ್ತೀರಿ. ಯಾಕಂದ್ರ ಮನಸಿಗೆ ಬಂತು ಅಂತೀರಿ. ಇಂಥವರ ಕೈಯಾಗ ಹುಡುಗಿ ಹೆಂಗ ಕೊಡೂದು? ಅವ್ವಾ, ನೀನ ಹೇಳು."

ದಿಗಂಬರ ಧೈರ್ಯದಿಂದ ಅಜ್ಜಿಯ ಮುಖ ನೋಡಿದ. ಆಕೆಯ ಕಣ್ಣಲ್ಲಿ ನಿಜವಾಗಿಯೂ ಕನಿಕರವಿತ್ತು.

"ಹುಡುಗ ಛಲೋ ಅದಾನ. ಮಾತಿಗೆ ನಿಲ್ಲತಾನ" ಎಂದರು ಕಸ್ತೂರಬಾಯಿ. ಆಮೇಲೆ ಕೋಲಿನಿಂದ ಗಾಡಿಯ ಹೊಸ್ತಿಲನ್ನು ತಟ್ಟಿ ತೋರಿಸಿದರು. "ಆದ್ರ ಇದನ್ನ ನೋಡು, ಮತ್ತ ಎಷ್ಟು ಎತ್ತರ ಮಾಡಿ ಇಟ್ಟಾನ. ಬರೂ ಗುರುವಾರ ನಾ ಹೆಂಗ ಹತ್ತಲಿ?"

ಆಕೆ ಒಳಗೆ ಹೋದರು, ಪೇಢೆಯ ತಟ್ಟೆಯೂ ಒಳಗೆ ಹೋಯಿತು. ಅಮೋಗಸಿದ್ಧ ಪಕ್ಕದಲ್ಲಿ ಕೂತ. ದಿಗಂಬರ ಗಾಡಿ ತಿರುಗಿಸುವಾಗ ಕಿಟಕಿಯ ಕಡೆ ನೋಡಿದ. ಕುಮುದಿನಿ ಕಣ್ಣೊರೆಸಿಕೊಳ್ಳುತ್ತ, ಅಂಗೈ ಕೆಳಮಾಡಿ, ಇಳಿಸಿ, ಇಳಿಸಿ ಎಂದು ಸನ್ನೆ ಮಾಡುತ್ತಿದ್ದಳು.