ಮಗ್ಗದ ಮನೆಯ ಹಸಿ-ಒಣ

ನೇಕಾರರ ಮನೆಯಲ್ಲಿ ಗಂಡ-ಹೆಂಡಿರ ಜಗಳಕ್ಕಿಂತ ಗಾಳಿಯ ಜೊತೆಗಿನ ಜಗಳವೇ ಹೆಚ್ಚು. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಹಸಿಯಾದರೆ ಗಂಜಿ ಹಚ್ಚಿದ ನೂಲು ಒಣಗುವುದಿಲ್ಲ. ಸಂಸ್ಥಾನದ ಕಾಲದಲ್ಲಿ ಬನಹಟ್ಟಿಯ ನಮ್ಮ ಮನೆಯಲ್ಲಿ ಇದು ವರ್ಷವಿಡೀ ನಡೆಯುತ್ತಿತ್ತು. ಮಗಳ ಮದುವೆ ಗೊತ್ತಾದ ವರ್ಷವಂತೂ ಕೇಳಬೇಡಿ.

೧. ಬೇಸಿಗೆ

ಬೀಳಗಿಯಿಂದ ಹೆಣ್ಣು ನೋಡಲು ಬಂದರು. ಅರಿವೆ ಅಂಗಡಿಯವರು, ಸೀರೆ ಮಾರಿ ಗೊತ್ತು, ನೇಯ್ದು ಗೊತ್ತಿಲ್ಲ. ಹೊರಗೆ ನೆಲ ಬಿರಿಯುವ ಬಿಸಿಲು. ಒಳಗೆ ನಮ್ಮ ಯಜಮಾನರು ಎಳೆ ಹರಿಯಬಾರದೆಂದು ಮಗ್ಗದ ಕುಣಿಯ ಸುತ್ತ ನೀರು ಚೆಲ್ಲಿ, ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿದ್ದರು. ಹುಡುಗಿ ಒಪ್ಪಿಗೆಯಾದಳು. ಷರತ್ತು ಒಂದೇ: ಮದುವೆಗೆ ತಂದೆಯೇ ನೇಯ್ದ ಸೀರೆ ಉಡಬೇಕು. ಹೊರಡುವಾಗ ವರನ ತಂದೆ ಧೋತರ ಎತ್ತಿ ಹಿಡಿದು, ಮೆಲ್ಲಗೆ ಕೇಳಿದರು: "ಬ್ಯಾಸಗ್ಯಾಗ ಮನಿ ಹಿಂಗ ಸೋರಿದ್ರ, ಮಳಿಗಾಲದಾಗ ಎಲ್ಲಿರ್ತೀರಿ?"

೨. ಶ್ರಾವಣ

ಆ ಸೀರೆಯ ನೂಲಿಗೆ ಗಂಜಿ ಹಚ್ಚಿದೆವು. ಮೂರು ದಿನವಾದರೂ ಒಣಗಲಿಲ್ಲ, ನಾರತೊಡಗಿತು. ಯಜಮಾನರು ಕೋಣೆಯಲ್ಲಿ ಶೆಗಡಿ ಹೊತ್ತಿಸಿದರು. ಇದ್ದಿಲೂ ಹಸಿ, ಬಂದದ್ದು ಬರೀ ಹೊಗೆ. ಬೆಳಕಿಂಡಿಯಿಂದ ಹೊಗೆ ಏಳುವುದನ್ನು ಕಂಡು ಓಣಿಯವರೆಲ್ಲ ಕೊಡ ಹಿಡಿದು ಓಡಿಬಂದರು. ನಾನು "ಬೆಂಕಿ ಅಲ್ರೀ, ನೂಲ ಒಣಗಸಾಕತ್ತೇವಿ!" ಎಂದು ಕೂಗುವಷ್ಟರಲ್ಲಿ ಹದಿನಾಲ್ಕು ಕೊಡ ಸುರಿದಾಗಿತ್ತು.

ಪಕ್ಕದ ಮನೆಯಾಕೆ ಮುಖ ಒರೆಸಿಕೊಂಡು, "ದೇವರ ದೊಡ್ಡಾಂವ ಬಿಡವಾ, ಒಂದ ಎಳಿನೂ ಸುಟ್ಟಿಲ್ಲ" ಎಂದಳು.

೩. ಮೂಡಗಾಳಿ

ಆ ನೂಲು ಕೆಟ್ಟಿತು. ಮತ್ತೆ ನೂಲು ತಂದು, ಮಗ್ಗ ಹೂಡಿ, ಸೆರಗಿನವರೆಗೆ ನೇಯುವಷ್ಟರಲ್ಲಿ ಮದುವೆಗೆ ಒಂದೇ ದಿನ ಉಳಿದಿತ್ತು. ಚಳಿಗಾಲದ ಒಣ ಮೂಡಗಾಳಿಗೆ ತುಟಿ ಒಡೆಯುತ್ತಿದ್ದವು, ಎಳೆಗಳು ಪಟಪಟ ಹರಿಯುತ್ತಿದ್ದವು. ಚೆಲ್ಲಿದ ನೀರು ಕಣ್ಣೆದುರೇ ಆರುತ್ತಿತ್ತು. ನನಗಂತೂ ಅಳುವೇ ಬಂತು.

ಅಷ್ಟರಲ್ಲಿ ಬೀಗರು, ಅಂದರೆ ವರನ ತಂದೆ, ಎಂಟು ಮಂದಿ ತಮ್ಮಂದಿರ ಸಮೇತ ಮಗ್ಗದ ಕೋಣೆಗೇ ನುಗ್ಗಿದರು. "ಸೀರಿ ಇಲ್ಲಂದ್ರ ಅಕ್ಕಿಕಾಳ ಬೀಳೂದಿಲ್ಲ!" ಎಂದು ಶುರುಮಾಡಿದರು. ಯಜಮಾನರು ಗಾಳಿ ಬಾರದಂತೆ ಬಾಗಿಲು ಹಾಕಿಸಿ, ನೇಯುತ್ತ ಕುಳಿತರು. ಆ ಗೂಡಿನಂಥ ಕೋಣೆಯಲ್ಲಿ ಬೀಗರು ಬೈದರು, ಎಲ್ಲರೂ ಬೆವೆತರು. ಒಂದು ತಾಸು ಒಂದು ಎಳೆಯೂ ಹರಿಯಲಿಲ್ಲ.

ಬೀಗರು ದಣಿದು ಸುಮ್ಮನಾದರು. ಯಜಮಾನರು ಗಾಬರಿಯಿಂದ ಕೈಮುಗಿದರು: "ಬೀಗರ, ನಿಲ್ಲಸಬ್ಯಾಡ್ರಿ! ನಿಮ್ಮ ಉಸಿರಿಗೆ ನೂಲ ಹದಕ್ಕ ಬಂದೈತಿ. ಇನ್ನೊಂದು ಗೇಣ ಉಳದೈತಿ, ಅಲ್ಲೀತನಕ ಬೈರಿ!"

ಬೀಗರು ಸೀರೆ ನೋಡಿದರು, ನೂಲು ನೋಡಿದರು, ತಮ್ಮಂದಿರತ್ತ ತಿರುಗಿದರು:

"ಸುಮ್ಮ ಯಾಕ ನಿಂತೀರ್ಲೇ? ನೀವೂ ಬೈರಿ! ನಾಳೆ ಮದವಿ ಐತಿ!"